ಕ್ವಾಂಟಂ ಜಾಲ: ಟೆಂಡರ್‌ನಲ್ಲೇ ಪರೀಕ್ಷೆಯ ಷರತ್ತು ಇರಲಿ

ಮಾನ್ಯ ಸಂಪಾದಕರೇ,

ಸಂದೇಶವನ್ನು ಗುಪ್ತವಾಗಿಡುವ ಕೀಲಿಯನ್ನು ಫೋಟಾನ್‌ಗಳ (ಬೆಳಕಿನ ಕಣಗಳ) ಮೂಲಕ ಹಂಚಿಕೊಳ್ಳುವ ಕ್ವಾಂಟಂ ಸಂವಹನವನ್ನು ಯಾರೂ ಕದ್ದಾಲಿಸಲಾಗದು ಎಂಬ ಮಾತು ಸುದ್ದಿಗಳಲ್ಲಿ ಮೇಲಿಂದ ಮೇಲೆ ಬರುತ್ತಿದೆ. 1984ರಲ್ಲಿ ವಿಜ್ಞಾನಿಗಳಾದ ಬೆನೆಟ್ ಮತ್ತು ಬ್ರಸಾರ್ ರೂಪಿಸಿದ ಬಿಬಿ84 ಎಂಬ ಕೀಲಿ ಹಂಚಿಕೆ ವಿಧಾನದ ಗಣಿತಕ್ಕೆ ಈ ಮಾತು ಸಲ್ಲುತ್ತದೆ. ನಾವು ದುಡ್ಡು ಕೊಟ್ಟು ತರುವ ಉಪಕರಣಕ್ಕೆ ಹಾಗೇ ಅನ್ವಯಿಸುವುದಿಲ್ಲ.

ಮಾರುಕಟ್ಟೆಯಲ್ಲಿದ್ದ ಇಂಥ ಎರಡು ಸಾಧನಗಳ ದೌರ್ಬಲ್ಯವನ್ನು ನಾರ್ವೆ ಮತ್ತು ಜರ್ಮನಿಯ ಸಂಶೋಧಕರು 2010ರಲ್ಲೇ ತೋರಿಸಿದ್ದಾರೆ. ಒಂದೊಂದೇ ಫೋಟಾನ್ ಹಿಡಿಯಬೇಕಾದ ಅವಲಾಂಚ್ ಫೋಟೊಡಯೋಡ್ ಎಂಬ ಡಿಟೆಕ್ಟರ್‌ಗೆ (ಬೆಳಕು ಪತ್ತೆ ಮಾಡುವ ಭಾಗ) ಫೈಬರ್ ಮೂಲಕ ಸತತವಾಗಿ ಪ್ರಖರ ಲೇಸರ್ ಬಿಟ್ಟರೆ ಅದರ ಮೇಲಿನ ವೋಲ್ಟೇಜ್ (ಬಯಾಸ್), ಒಂಟಿ ಫೋಟಾನ್‌ಗೂ ಸ್ಪಂದಿಸಲು ಬೇಕಾದ ‘ಬ್ರೇಕ್‌ಡೌನ್’ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಆಮೇಲೆ ಒಂಟಿ ಫೋಟಾನ್ ಅದಕ್ಕೆ ಕಾಣದು. ನಿರ್ದಿಷ್ಟ ಮಿತಿ ದಾಟಿದ ಬೆಳಕಿನ ಪಲ್ಸ್‌ಗೆ (ಮಿಡಿತಕ್ಕೆ) ಮಾತ್ರ ಕ್ಲಿಕ್ (ಪತ್ತೆಯ ಸಂಕೇತ) ಆಗುತ್ತದೆ. ಕದ್ದಾಲಿಸುವವನು ತಾನು ಅಳೆದ ಬಿಟ್ ಅನ್ನು (ಕೀಲಿಯ 0 ಅಥವಾ 1) ಆ ಮಿತಿಗಿಂತ ತುಸು ಹೆಚ್ಚಿನ ಪಲ್ಸ್ ಆಗಿ ಮುಂದಕ್ಕೆ ಕಳಿಸುತ್ತಾನೆ. ಸ್ವೀಕರಿಸುವ ಕಡೆಯ ಬೇಸಿಸ್ (ಅಳೆಯಲು ಆರಿಸಿಕೊಂಡ ಕ್ರಮ) ಅವನದಕ್ಕೆ ಹೊಂದಿದರೆ ಇಡೀ ಬೆಳಕು ಒಂದೇ ಡಿಟೆಕ್ಟರ್‌ಗೆ ಬಿದ್ದು ಕ್ಲಿಕ್ ಬರುತ್ತದೆ. ಹೊಂದದಿದ್ದರೆ ಅರ್ಧರ್ಧ ಹಂಚಿಹೋಗಿ ಎರಡೂ ಸುಮ್ಮನಿರುತ್ತವೆ. ಸಾಮಾನ್ಯವಾಗಿ ಅಡ್ಡಹಿಡಿದು ಮತ್ತೆ ಕಳಿಸಿದರೆ ಕೀಲಿಯ ಬಿಟ್‌ಗಳಲ್ಲಿ ಶೇ 25ರಷ್ಟು ದೋಷ ಕಾಣಬೇಕು. ಇಲ್ಲಿ ಅದು ಏರುವುದೇ ಇಲ್ಲ. ಹೀಗಾಗಿ ದೋಷ ಶೇ 11 ದಾಟಿದರೆ ಕೀಲಿ ಬಿಸಾಡುವ ನಿಯಮವೂ ಉಪಯೋಗಕ್ಕೆ ಬರುವುದಿಲ್ಲ.

ಡಯೋಡ್‌ನ ಕರೆಂಟಿನ ಮೇಲೆ, ಒಳಬರುವ ಬೆಳಕಿನ ಮೇಲೆ ಸದಾ ನಿಗಾ ಇಡುವುದು ತಕ್ಷಣದ ಪರಿಹಾರ. 2012ರಲ್ಲಿ ಪ್ರಕಟವಾದ, ಡಿಟೆಕ್ಟರನ್ನು ನಂಬಬೇಕಿಲ್ಲದ ಎಂಡಿಐ ವಿಧಾನ ಇನ್ನೂ ಗಟ್ಟಿ: ಎರಡೂ ಕಡೆಯವರು ಫೋಟಾನ್ ಕಳಿಸುವವರೇ, ಡಿಟೆಕ್ಟರ್ ನಡುವಿನ ಕೇಂದ್ರದಲ್ಲಿರುತ್ತದೆ, ಆ ಕೇಂದ್ರ ವೈರಿಯ ಕೈಯಲ್ಲಿದ್ದರೂ ಕೀಲಿ ಸೋರದು. ಆದರೆ ಎರಡು ಲೇಸರ್‌ಗಳ ತರಂಗಾಂತರ, ಸಮಯ ಕರಾರುವಾಕ್ಕಾಗಿ ಹೊಂದಬೇಕು. ಲೇಸರ್ ಕಡೆಯ ಭದ್ರತೆಯ ಹೊಣೆಯೂ ತಪ್ಪುವುದಿಲ್ಲ. ಪಲ್ಸ್‌ಗೆ ಸರಾಸರಿ 0.1 ಫೋಟಾನ್ ಇಟ್ಟರೂ ಖಾಲಿಯಲ್ಲದ ಪಲ್ಸ್‌ಗಳಲ್ಲಿ ಸುಮಾರು ಇಪ್ಪತ್ತಕ್ಕೊಂದರಲ್ಲಿ ಎರಡೋ ಹೆಚ್ಚೋ ಫೋಟಾನ್ ಇರುತ್ತವೆ. ಒಂದನ್ನು ಕದ್ದರೆ ಗೊತ್ತಾಗದು. ಅದಕ್ಕೇ ಪಲ್ಸ್‌ನ ತೀವ್ರತೆಯನ್ನು ಯಾದೃಚ್ಛಿಕವಾಗಿ ಬದಲಿಸಿ ಇಂಥ ಕಳವು ಬಯಲಾಗುವಂತೆ ಮಾಡುವ ಡಿಕಾಯ್ ವಿಧಾನ ಕಡ್ಡಾಯವಾಗಬೇಕು.

ದೂರದ ಸಮಸ್ಯೆ ಬೇರೆ. ಕಿ.ಮೀ.ಗೆ 0.2 ಡೆಸಿಬೆಲ್ ನಷ್ಟವೆಂದರೆ 400 ಕಿ.ಮೀ. ಫೈಬರ್‌ನಲ್ಲಿ ಹತ್ತು ಕೋಟಿ ಫೋಟಾನ್‌ಗಳಿಗೆ ಒಂದು ದಾಟುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಇಂದಿನ ವಾಣಿಜ್ಯ ಸಾಧನಗಳಲ್ಲಿ ಕೀಲಿ ಕಳಿಸಬೇಕೆಂದರೆ ದಾರಿಯಲ್ಲಿ ಕೀಲಿ ಪಡೆದು ಮುಂದಕ್ಕೆ ದಾಟಿಸುವ ನಂಬಿಕಸ್ಥ ಕೇಂದ್ರಗಳು ಬೇಕು. ಅಲ್ಲಿ ಕೀಲಿ ಬಿಚ್ಚಿಕೊಂಡೇ ಇರುತ್ತದೆ. ಬೀಗ, ಕಾವಲು ಬಿಟ್ಟರೆ ಬೇರೆ ರಕ್ಷಣೆಯಿಲ್ಲ.

2023ರಲ್ಲಿ ಒಪ್ಪಿಗೆ ಪಡೆದ ₹6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ನಲ್ಲಿ 2,000 ಕಿ.ಮೀ. ಅಂತರನಗರ ಜಾಲದ ಗುರಿಯಿದೆ. ಅದಕ್ಕೆ ಕೊಳ್ಳುವ ಪ್ರತಿ ಮಾದರಿಯೂ ಕ್ವಾಂಟಂ ಕೀಲಿ ಹಂಚಿಕೆ ಸಾಧನಗಳ ಭದ್ರತಾ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ/ಐಇಸಿ 23837 ಪ್ರಕಾರ ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಗಾಗಲಿ, ಅದರ ವರದಿಯ ಸಾರಾಂಶ ಸಾರ್ವಜನಿಕರಿಗೂ ಸಿಗಲಿ.

– ಓದುಗ, ಬೆಂಗಳೂರು