ದಣಿವು ಅಳೆಯುವ ಮೊದಲು ಅಳತೆಗೋಲನ್ನು ನೋಡಿ

ಮಾನ್ಯರೇ,

ಕಳೆದ ತಿಂಗಳು ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆಲ್ಲ ಒಂದು ಪ್ರಶ್ನಾವಳಿ ಹಂಚಿದರು. ಕೆಲಸದ ಒತ್ತಡಕ್ಕೆ ಯಾರು ಎಷ್ಟು ಬಸವಳಿದಿದ್ದಾರೆ, ಅಂದರೆ ‘ಬರ್ನ್‌ಔಟ್’ ಎಷ್ಟಿದೆ ಎಂದು ತಿಳಿಯಲು. ನಮ್ಮ ಕಷ್ಟವನ್ನೂ ಕೇಳುವವರಿದ್ದಾರಲ್ಲ ಎಂದು ಮೊದಲು ಸಮಾಧಾನವೇ ಆಯಿತು.

ನೈಟ್ ಡ್ಯೂಟಿ ಮುಗಿಸಿ ಚಾರ್ಜ್ ಒಪ್ಪಿಸುವ ಹೊತ್ತಿನಲ್ಲೇ ತುಂಬಿಕೊಡಬೇಕಿತ್ತು. ಸುಟ್ಟಗಾಯದ ವಾರ್ಡಿನ ಕಿರಿಯ ನರ್ಸ್ ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಅಕ್ಕಾ, ಇದಕ್ಕೇನು ಬರೀಲಿ?’ ಎಂದಳು. ಇಂಗ್ಲಿಷಿನ ‘ಬರ್ನ್ಡ್ ಔಟ್’ ಅನ್ನು ಪದಕ್ಕೆ ಪದ ಕನ್ನಡಕ್ಕೆ ತಂದು, ‘ಕೆಲಸದಿಂದ ನಾನು ಸುಟ್ಟುಹೋಗಿದ್ದೇನೆ’ ಎಂದು ಅಚ್ಚು ಮಾಡಿದ್ದರು. ದಿನವೂ ನಿಜವಾಗಿ ಸುಟ್ಟವರಿಗೆ ಡ್ರೆಸ್ಸಿಂಗ್ ಮಾಡುವ ಹುಡುಗಿ ಅವಳು. ‘ಎಂದಿಗೂ ಇಲ್ಲ’ ಎಂಬುದಕ್ಕೆ ಗುರುತು ಹಾಕಿದಳು. ಅಂಕ ಸೊನ್ನೆ. ಹಿಂದಿನ ವಾರವಷ್ಟೇ ಡ್ಯೂಟಿ ರೂಮಿನಲ್ಲಿ ಕೂತು, ಈ ಕೆಲಸವೇ ಬೇಡ ಎಂದು ಅವಳು ಅತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಎಂ.ಎಸ್ಸಿ. ನರ್ಸಿಂಗ್ ಓದುವಾಗ ಇದೇ ಪ್ರಶ್ನಾವಳಿಯೊಡನೆ ಏಗಿದ್ದೇನೆ, ಹಾಗಾಗಿ ಹೇಳುತ್ತಿದ್ದೇನೆ. ಕ್ರಿಸ್ಟಿನಾ ಮಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅಮೆರಿಕದಲ್ಲಿ 1981ರಲ್ಲಿ ಪ್ರಕಟಿಸಿದ ಇದರಲ್ಲಿ 22 ಹೇಳಿಕೆಗಳಿವೆ. 9 ಮನಸ್ಸಿನ ದಣಿವಿನವು, 5 ರೋಗಿಯನ್ನು ಮನುಷ್ಯನೆಂದು ಕಾಣದಷ್ಟು ಮನಸ್ಸು ಮರಗಟ್ಟುವುದರ ಕುರಿತವು, 8 ಕೆಲಸದ ಸಾರ್ಥಕತೆಯವು. ಸಾರ್ಥಕತೆಯ ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು, ಉಳಿದೆರಡು ಹೆಚ್ಚಿದ್ದಷ್ಟೂ ಕೆಟ್ಟದ್ದು. ಮೂರನ್ನೂ ಬೇರೆ ಬೇರೆಯಾಗಿಯೇ ಓದಬೇಕು. ನಮ್ಮಲ್ಲಿ ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಮಾಡಿದರು. ಹಾಗೆ ಮಾಡಿದರೆ ಖುಷಿಯಿಂದ ದುಡಿಯುವವಳೂ ತೀರಾ ಬಸವಳಿದವಳೂ ಒಂದೇ ಅಂಕ ಪಡೆಯಬಹುದು!

ಸಭೆಯಲ್ಲಿ ಈ ಬಗ್ಗೆ ಕೇಳಿದಾಗ ‘ಕ್ರಾನ್‌ಬಾಕ್ ಆಲ್ಫಾ ಚೆನ್ನಾಗಿ ಬಂದಿದೆ’ ಎಂಬ ಉತ್ತರ ಸಿಕ್ಕಿತು. ಹೇಳಿಕೆಗಳು ಒಂದಕ್ಕೊಂದು ಹೊಂದಿಕೊಂಡಿವೆ ಎಂದಷ್ಟೇ ಆಲ್ಫಾ ಎಂಬ ಈ ಲೆಕ್ಕ ಹೇಳುತ್ತದೆ. ಅಳೆಯಬೇಕಾದ್ದನ್ನೇ ಅಳೆದಿವೆ ಎಂದಲ್ಲ. ರೋಗಿಯ ಬಿಪಿ 130 ಇರುವಾಗ ಹತ್ತು ಸಲ ನೋಡಿದರೂ 150 ತೋರಿಸುವ ಉಪಕರಣವನ್ನು ನಾವು ವಾರ್ಡಿನಲ್ಲಿ ಇಟ್ಟುಕೊಳ್ಳುತ್ತೇವೆಯೇ? ಒಂದೇ ರೀತಿ ಅಳೆಯುವ ವಿಶ್ವಾಸಾರ್ಹತೆ ಬೇರೆ, ಅಳೆಯಬೇಕಾದ್ದನ್ನೇ ಅಳೆಯುವ ಸಿಂಧುತ್ವ ಬೇರೆ.

ಇನ್ನೊಂದು ಮಾತು. ಹಾಳೆಯ ಮೇಲ್ಗಡೆ ಹೆಸರು, ಸಿಬ್ಬಂದಿ ಸಂಖ್ಯೆ ಬರೆಯಬೇಕಿತ್ತು, ಮೇಲ್ವಿಚಾರಕರೇ ಸಂಗ್ರಹಿಸಿದರು. ರೋಗಿಗೆ ಏನಾದರೂ ನನಗೇನೂ ಅನ್ನಿಸುವುದಿಲ್ಲ ಎಂದು ಹೆಸರು ಬರೆದು ಒಪ್ಪಿಕೊಳ್ಳುವ ನರ್ಸ್ ಯಾರಿದ್ದಾರೆ?

ನನ್ನ ಕೋರಿಕೆ ದೊಡ್ಡದಲ್ಲ. ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ. ಹತ್ತು ನರ್ಸ್‌ಗಳನ್ನು ಕೂರಿಸಿಕೊಂಡು, ಒಂದೊಂದು ಸಾಲಿಗೂ ‘ನಿಮಗೇನು ಅರ್ಥವಾಯಿತು’ ಎಂದು ಕೇಳಿ. ಎರಡು ವಾರ ಬಿಟ್ಟು ಅವರಿಂದಲೇ ಮತ್ತೆ ತುಂಬಿಸಿ, ಅಂಕ ಹೆಚ್ಚುಕಡಿಮೆ ಅದೇ ಬರುತ್ತದೆಯೇ ನೋಡಿ, ಆದರೆ ಒಮ್ಮೆ ನೈಟ್ ಡ್ಯೂಟಿ ಮುಗಿಸಿದಾಗ, ಇನ್ನೊಮ್ಮೆ ರಜೆ ಮುಗಿಸಿ ಬಂದಾಗ ಬೇಡ. ಒಂದೊಂದು ವಾರ್ಡಿಗೆ ಬಂದ ಅಂಕವನ್ನು ಆ ವಾರ್ಡಿನ ರಜೆ, ವರ್ಗಾವಣೆ ಅರ್ಜಿಗಳ ಪಕ್ಕದಲ್ಲಿಟ್ಟು ತಾಳೆ ನೋಡಿ. ಹೆಸರು ಮಾತ್ರ ಕೇಳಬೇಡಿ, ಅವರವರೇ ಆರಿಸಿಕೊಂಡ ಗುಟ್ಟಿನ ಗುರುತು ಸಾಕು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಬರ್ನ್‌ಔಟನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ, ರೋಗ ಎಂದಿಲ್ಲ. ಅಂದ ಮೇಲೆ ಸರಿಯಾಗಬೇಕಾದ್ದು ಕೆಲಸವೇ. ನಮ್ಮಲ್ಲಿ ಈ ಅಂಕಗಳನ್ನೇ ಮುಂದಿಟ್ಟು ‘ಸಿಬ್ಬಂದಿ ಚೆನ್ನಾಗಿದ್ದಾರೆ, ಡ್ಯೂಟಿ ಪಟ್ಟಿ ಬದಲಿಸುವ ಅಗತ್ಯವಿಲ್ಲ’ ಎಂದು ತೀರ್ಮಾನಿಸಲಾಗಿದೆ. ಪ್ರಶ್ನಾವಳಿಯನ್ನು ಸರಿಯಾಗಿ ಪರೀಕ್ಷಿಸುವವರೆಗೆ ಆ ತೀರ್ಮಾನವನ್ನು ತಡೆಹಿಡಿಯಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಹಿರಿಯ ನರ್ಸ್, ಶಿವಮೊಗ್ಗ ಜಿಲ್ಲೆ