ಕಿಟುಯಿಯಿಂದ ಅಪ್ಪನಿಗೆ

ಕಿಟುಯಿ, ಕೀನ್ಯಾ
ನವೆಂಬರ್ 16

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿಯ ರೈತರು ಯಾವ ಮಳೆಯನ್ನು ನಂಬಿ ಬಿತ್ತುತ್ತಾರೆಂದು ಕೇಳಿದ್ದೀರಿ. ಮಾರ್ಚ್‌ನಿಂದ ಮೇವರೆಗಿನದು ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು ಸಣ್ಣ ಮಳೆ ಎಂದು ದೇಶವೆಲ್ಲ ಕರೆದರೂ, ಈ ಕಂಬಾ ಜನರ ಸೀಮೆಯಲ್ಲಿ ಕೈಹಿಡಿಯುವುದು ಸಣ್ಣ ಮಳೆಯೇ. 2020ರ ಕೊನೆಯಿಂದ 2022ರ ಕೊನೆಯವರೆಗೆ ಸತತ ಐದು ಮಳೆಗಾಲಗಳು ಕೈಕೊಟ್ಟದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆದ್ದರಿಂದಲೇ ಇಳಿಜಾರಿನ ಹೊಲಗಳಲ್ಲಿ ಅಡ್ಡಕ್ಕೆ ಕಾಲುವೆ ತೋಡಿ, ಅದರ ಮಣ್ಣನ್ನು ಮೇಲ್ಬದಿಗೆ ಎಸೆದು ಒಡ್ಡು ಹಾಕುತ್ತಾರೆ. ವರ್ಷಗಳು ಕಳೆದಂತೆ ಇಳಿಜಾರು ತಾನಾಗಿಯೇ ಮೆಟ್ಟಿಲಾಗುತ್ತದೆ.

ನಿಮಗೆ ಹಿಡಿಸುವ ಸಂಗತಿಯೆಂದರೆ ಇಲ್ಲಿ ತೊಗರಿ ಇದೆ. ಮೆಕ್ಕೆಜೋಳ, ಅಲಸಂದೆಗಳ ಜೊತೆಯಲ್ಲೇ ಮಳೆ ಹಿಡಿಯುವ ಹೊತ್ತಿಗೆ ಬಿತ್ತುತ್ತಾರೆ. ಫೆಬ್ರವರಿಯಲ್ಲಿ ಜೋಳ ಮುರಿದ ಮೇಲೂ ತೊಗರಿ ನಿಂತೇ ಇದ್ದು, ಮಾರ್ಚ್‌ನ ಮಳೆಯನ್ನೂ ಕುಡಿದು ಜುಲೈ, ಆಗಸ್ಟ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಮನೆಗಳಲ್ಲಿ ಬೇಳೆ ಮಾಡುವ ಗೊಡವೆಗೆ ಹೋಗದೆ ಹಸಿಕಾಳನ್ನೇ ಜೋಳದೊಂದಿಗೆ ಬೇಯಿಸಿ ಉಣ್ಣುತ್ತಾರೆ. ಒಣಕಾಳು ಹಡಗು ಹತ್ತಿ ನಮ್ಮ ದೇಶಕ್ಕೂ ಬರುತ್ತದೆ. ಕಲಬುರಗಿಯಲ್ಲಿ ದರ ಇಳಿದಾಗ ನೀವು ಬೈಯುವ ಆಫ್ರಿಕದ ತೊಗರಿಯಲ್ಲಿ ನನ್ನ ನೆರೆಯವರದೂ ಒಂದು ಹಿಡಿ ಇದ್ದೀತು!

ಶಾಲೆಯ ವರ್ಷ ಜನವರಿಯಲ್ಲಿ ಆರಂಭವಾಗಿ, ಮೂರನೆಯ ಅವಧಿ ಅಕ್ಟೋಬರ್ ಕೊನೆಗೆ ಮುಗಿಯುತ್ತದೆ. ಪರೀಕ್ಷೆಯ ತರಗತಿಗಳವರನ್ನು ಬಿಟ್ಟು ಉಳಿದ ಮಕ್ಕಳೆಲ್ಲ ಈಗ ಹೊಲದಲ್ಲಿ ಕಳೆ ತೆಗೆಯುತ್ತಿದ್ದಾರೆ. ನಮ್ಮಲ್ಲಿ ಶಾಲೆ ತೆರೆಯುವುದೂ ಮುಂಗಾರು ಬಿತ್ತನೆಯೂ ಒಟ್ಟಿಗೇ ಬಂದು ಬೀಜಕ್ಕೂ ಪುಸ್ತಕಕ್ಕೂ ಒಂದೇ ಜೇಬನ್ನು ತಡಕಬೇಕಾಗುತ್ತದಲ್ಲವೇ. ಅದಕ್ಕಿಂತ ಈ ವ್ಯವಸ್ಥೆ ಮೇಲೆಂದು ಮೊದಲು ಅನಿಸಿತ್ತು. ಆದರೆ ಇಲ್ಲಿಯೂ ಜನವರಿಯಲ್ಲಿ ಹಣ ಬೇಕಾದಾಗ ಜೋಳ ಇನ್ನೂ ಹೊಲದಲ್ಲೇ ಇರುತ್ತದೆ. ಪ್ರಾಥಮಿಕ ಶಾಲೆಯ ಶುಲ್ಕವನ್ನು ಸರ್ಕಾರ 2003ರಲ್ಲಿಯೇ ತೆಗೆದುಹಾಕಿದ್ದರೂ, ಮಗು ವಸತಿ ಪ್ರೌಢಶಾಲೆಗೆ ಸೇರಿತೆಂದರೆ ಮನೆಯ ಮೇಕೆಗಳು ಸಂತೆಗೆ ಹೊರಡುತ್ತವೆ. ಮೇಕೆ ಮಾರಾಟಕ್ಕೆ ಬರುವುದು ಎಲ್ಲ ಮನೆಗಳಿಂದಲೂ ಒಂದೇ ವಾರದಲ್ಲಾದ್ದರಿಂದ ದರವೂ ಬೀಳುತ್ತದೆ. ಸುಗ್ಗಿಯ ನಂತರ ಕಂತಿನಲ್ಲಿ ಕಟ್ಟಲು ಬಿಟ್ಟರೆ ಎಷ್ಟೋ ಮನೆಗಳಿಗೆ ಉಸಿರಾಡಲು ಆದೀತು ಎಂಬುದು ನನ್ನ ಅನಿಸಿಕೆ.

ನನಗೂ ರಜೆ ಇರುವುದರಿಂದ ಡಿಸೆಂಬರ್ ಕೊನೆಗೆ ತೊಗರಿ ರಾಶಿಯ ಹೊತ್ತಿಗೆ ಊರಿಗೆ ಬರುತ್ತೇನೆ. ಯಂತ್ರದವನಿಗೆ ಮುಂಗಡ ಕೊಡಬೇಕಿದ್ದರೆ ತಿಳಿಸಿರಿ, ಹಣ ಕಳುಹಿಸುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿರಿ.

ನಿಮ್ಮ ಮಗ
ಬಸವರಾಜ