ಓಡೋದು ಕಮ್ಮಿ, ಖರ್ಚು ಮಾತ್ರ ಲಾರಿಯದ್ದು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಹೊಸ ಕಾರು, ಬೈಕುಗಳ ಬಗ್ಗೆ ಬರುವುದನ್ನು ತಪ್ಪದೆ ಓದುತ್ತೇನೆ. ಆದರೆ ಪ್ಲಂಬರ್, ಎಲೆಕ್ಟ್ರೀಷಿಯನ್, ಬಡಗಿ, ವೆಲ್ಡಿಂಗ್‌ನವರು, ನಮ್ಮಂಥ ಬೋರ್ ಮೋಟರ್ ರಿಪೇರಿಯವರು ಬೆಳಗಾದರೆ ಹತ್ತುವ ಸಣ್ಣ ಗೂಡ್ಸ್ ಗಾಡಿಗಳ ಬಗ್ಗೆ ಏನೂ ಬರುವುದಿಲ್ಲ. ಅಪರೂಪಕ್ಕೆ ಬಂದರೂ ಎಷ್ಟು ಕೆಜಿ ಹೊರುತ್ತೆ, ಲೀಟರಿಗೆ ಎಷ್ಟು ಕೊಡುತ್ತೆ, ಅಷ್ಟೇ. ನಾವು ದಿನಾ ಹಾಕುವ ಲೆಕ್ಕವೇ ಬೇರೆ. ಅದನ್ನು ಹೇಳೋಣ ಅಂತ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದರೂ ದಯವಿಟ್ಟು ಹಾಕಿ.

ನಾನು ಶಿರಾ ತಾಲ್ಲೂಕಿನವನು. ಅಂಗಡಿಯಲ್ಲಿ ಸಬ್‌ಮರ್ಸಿಬಲ್ ಮೋಟರ್‌ಗಳ ವೈಂಡಿಂಗ್ ಮಾಡುತ್ತೇವೆ. ತೋಟಕ್ಕೆ ಹೋಗಿ ಮೋಟರ್ ಎತ್ತುವುದು, ಇಳಿಸುವುದೂ ನಮ್ಮದೇ. ಗಾಡಿಯಲ್ಲಿ ಚೈನ್ ಬ್ಲಾಕು, ಕಬ್ಬಿಣದ ಮೂರು ಕಾಲಿನ ಸ್ಟ್ಯಾಂಡು, ಪೈಪ್ ಹಿಡಿಯುವ ಕ್ಲ್ಯಾಂಪು, ಕೇಬಲ್ ಸುತ್ತು, ಸ್ಪ್ಯಾನರ್ ಪೆಟ್ಟಿಗೆ ಯಾವಾಗಲೂ ಇರುತ್ತವೆ. ಹೋಗುವಾಗ ರೆಡಿಯಾದ ಮೋಟರ್, ಬರುವಾಗ ಸುಟ್ಟ ಮೋಟರ್. ಫೆಬ್ರವರಿಯಿಂದ ಮೇ ತನಕ ನಮಗೆ ಪುರುಸೊತ್ತೇ ಇರುವುದಿಲ್ಲ. ಬೋರಿನಲ್ಲಿ ನೀರು ಕೆಳಗಿಳಿದು, ಮೇಲಿಂದ ವೋಲ್ಟೇಜ್ ಕಮ್ಮಿಯಾಗಿ ಮೋಟರ್‌ಗಳು ಸುಡುವುದು ಆಗಲೇ. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಅನ್ನುತ್ತಾರೆ, ಅದರಲ್ಲಿ ಒಂದಿಷ್ಟು ರಾತ್ರಿ ಹೊತ್ತು ಬರುತ್ತೆ. ರಾತ್ರಿ ಮೋಟರ್ ನಿಂತರೆ ಬೆಳಗಿನ ಜಾವಕ್ಕೇ ಫೋನು. ಅಡಿಕೆ ಗಿಡ ಬಾಡುತ್ತಿರುವಾಗ ರೈತರಿಗೆ ‘ನಮ್ಮ ಗಾಡಿ ಗ್ಯಾರೇಜಲ್ಲಿದೆ, ನಾಳಿದ್ದು ಬರ್ತೀವಿ’ ಅಂತ ಹೇಳೋಕೆ ಬಾಯಿ ಬರಲ್ಲ. ಹೇಳಿದರೆ ಅವರು ಬೇರೆಯವರನ್ನು ಕರೆಸುತ್ತಾರೆ. ಕರೆಸಲೇಬೇಕು, ಅವರ ತಪ್ಪಲ್ಲ.

ನಮ್ಮಂಥವರ ಗಾಡಿ ಓಡೋದು ಕಮ್ಮಿ, ನಿಲ್ಲೋದು ಜಾಸ್ತಿ. ಇದನ್ನು ಗಾಡಿ ಮಾಡುವವರೂ, ನಿಯಮ ಬರೆಯುವವರೂ ಲೆಕ್ಕಕ್ಕೆ ತಗೊಂಡೇ ಇಲ್ಲ. ಅಂಗಡಿಯಿಂದ ತೋಟ ಎಂಟು ಹತ್ತು ಕಿಲೋಮೀಟರ್. ಅಲ್ಲಿ ಹೋಗಿ ಜಾಲಿ ಮರದಡಿ ನಿಂತರೆ ಸಂಜೆಯವರೆಗೆ ನಿಂತೇ ಇರುತ್ತೆ. ಆದರೆ ಎಲ್ಲ ಖರ್ಚೂ, ಎಲ್ಲ ಕಾನೂನೂ ಬೆಂಗಳೂರಿಗೆ ದಿನಾ ತರಕಾರಿ ಹೊಡೆಯುವ ಬಾಡಿಗೆ ಗಾಡಿಯನ್ನು ಎದುರಿಗಿಟ್ಟುಕೊಂಡು ಮಾಡಿದ್ದು. ಆ ಗಾಡಿ ಓಡಿ ಓಡಿ ಖರ್ಚು ದುಡಿದುಕೊಡುತ್ತೆ. ನಮ್ಮ ಗಾಡಿ ದುಡಿಯಲ್ಲ, ನಾವು ದುಡಿಯುವ ಜಾಗಕ್ಕೆ ನಮ್ಮನ್ನು ಮುಟ್ಟಿಸುತ್ತೆ, ಅಷ್ಟೇ.

ನಮ್ಮ ಹತ್ತಿರ ಎರಡು ಗಾಡಿ ಇವೆ. ಒಂದು 2010ರ ಟಾಟಾ ಏಸ್. 2005ರಲ್ಲಿ ಈ ಗಾಡಿ ಮಾರುಕಟ್ಟೆಗೆ ಬಂದ ಮೇಲೆ ನಮ್ಮ ಕಡೆ ಎಷ್ಟೋ ಕಸುಬುದಾರರು ಸೈಕಲ್, ಲಗೇಜ್ ಆಟೊ ಬಿಟ್ಟು ನಾಲ್ಕು ಚಕ್ರಕ್ಕೆ ಬಂದರು. ಎರಡೇ ಸಿಲಿಂಡರ್, 702 ಸಿಸಿ ಡೀಸೆಲ್ ಎಂಜಿನ್, 16 ಎಚ್‌ಪಿ. ಟರ್ಬೊ ಇಲ್ಲ, ಸೆನ್ಸರ್ ಇಲ್ಲ. ಏರು ರಸ್ತೆಯಲ್ಲಿ ಲೋಡ್ ಇದ್ದರೆ ಉಸಿರು ಕಟ್ಟುತ್ತೆ, ನಿಜ. ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗೋಕೆ ತಡ ಮಾಡಿದರೆ ಹೀಟರ್ ಪ್ಲಗ್ ಹೋಗಿದೆ ಅಂತ ನಮಗೇ ಗೊತ್ತಾಗುತ್ತೆ. ಬಿಚ್ಚಿ, ಬ್ಯಾಟರಿಗೆ ವೈರ್ ಕೊಟ್ಟು ನೋಡಿದರೆ ಕೆಂಪಗಾಗುತ್ತೋ ಇಲ್ಲವೋ ತಿಳಿಯುತ್ತೆ. ಹೊಸದು ಶಿರಾದಲ್ಲೇ ಸಿಗುತ್ತೆ. ಕ್ಲಚ್ ಹೋದರೆ ನಮ್ಮೂರ ಮೇಸ್ತ್ರಿ ಮಧ್ಯಾಹ್ನದೊಳಗೆ ಗೇರ್‌ಬಾಕ್ಸ್ ಇಳಿಸಿ, ಪ್ಲೇಟ್ ಹಾಕಿ ಕೊಡುತ್ತಾರೆ. ಹಿಂದಿನ ಸ್ಪ್ರಿಂಗ್ ಪ್ಲೇಟ್ ಮುರಿಯುವುದು ಮಾಮೂಲು, ತೋಟದ ದಾರಿಗಳು ಹಾಗಿವೆ. ಅದೂ ಅರ್ಧ ದಿನದ ಕೆಲಸ.

ಇನ್ನೊಂದು 2021ರಲ್ಲಿ ಸಾಲ ಮಾಡಿ ತಗೊಂಡ ಬಿಎಸ್‌6 (ಹೊಗೆ ಎಷ್ಟು ಬಿಡಬಹುದು ಅನ್ನುವ ಸರ್ಕಾರದ ಮಾನದಂಡ) ಡೀಸೆಲ್ ಪಿಕಪ್. ಕಂಪನಿ ಹೆಸರು ಬೇಡ, ಈ ಕಷ್ಟ ಒಂದೇ ಕಂಪನಿ ಗಾಡಿಯದ್ದಲ್ಲ. ದೊಡ್ಡ ಮೋಟರ್ ಹೊರೋಕೆ ಅದು ಬೇಕೇ ಬೇಕು. ಎಳೆಯೋದರಲ್ಲಿ ಒಳ್ಳೆಯ ಗಾಡಿ. ಬ್ರೇಕ್ ಚೆನ್ನಾಗಿದೆ, ಹೊಗೆ ಕಾಣೋದೇ ಇಲ್ಲ. ಆದರೆ 2020ರ ಏಪ್ರಿಲ್‌ನಿಂದ ಬಿಎಸ್‌6 ಕಡ್ಡಾಯ ಆದ ಮೇಲೆ ಇಂಥ ಡೀಸೆಲ್ ಗಾಡಿಗಳ ಸೈಲೆನ್ಸರ್ ಹಾದಿಯಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಬಂತು. ಎಂಜಿನ್ ಬಿಡುವ ಮಸಿಯನ್ನು ಅದು ಹಿಡಿದಿಡುತ್ತೆ. ಹಿಡಿದ ಮಸಿ ಸುಟ್ಟು ಖಾಲಿ ಆಗಬೇಕು, ಅದಕ್ಕೆ ಒಳಗೆ 550-600 ಡಿಗ್ರಿ ಶಾಖ ಬೇಕು. ಹೈವೇಯಲ್ಲಿ ಒಂದೇ ಸ್ಪೀಡಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ತಾನಾಗಿ ಸುಡುತ್ತೆ. ಎಂಟು ಕಿಲೋಮೀಟರ್ ಹೋಗಿ ಆಫ್ ಮಾಡುವ ಗಾಡಿಯಲ್ಲಿ ಆ ಶಾಖ ಎಲ್ಲಿಂದ ಬರಬೇಕು? ಸೈಲೆನ್ಸರ್ ಬಿಸಿ ಆಗೋ ಹೊತ್ತಿಗೆ ತೋಟ ಬಂದಿರುತ್ತೆ.

ಹಾಗಾಗಿ ಮಸಿ ಕೂರುತ್ತಾ ಹೋಗುತ್ತೆ. ಮೊದಲು ಮೀಟರ್‌ನಲ್ಲಿ ಹಳದಿ ಲೈಟ್ ಬರುತ್ತೆ. ಆಗಲೇ ಹೈವೇಗೆ ಒಯ್ದು ಓಡಿಸಿದರೆ ಸರಿಹೋಗುತ್ತೆ. ಬೋರಿನೊಳಗೆ ಪೈಪ್ ಅರ್ಧ ಎತ್ತಿ ಕ್ಲ್ಯಾಂಪ್ ಹಾಕಿ ನಿಲ್ಲಿಸಿರುವಾಗ ಯಾರು ಹೈವೇಗೆ ಹೋಗ್ತಾರೆ? ಹಾಗೇ ಬಿಟ್ಟರೆ ಎಂಜಿನ್ ತನ್ನ ಶಕ್ತಿ ತಾನೇ ಕಮ್ಮಿ ಮಾಡಿಕೊಳ್ಳುತ್ತೆ, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಏಳಲ್ಲ. ಆಮೇಲೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ಶೋರೂಂನವರೇ ಮಸಿ ಸುಡಿಸಬೇಕು. ಸ್ಕ್ಯಾನರ್ ಇರೋದು ಐವತ್ತು ಕಿಲೋಮೀಟರ್ ದೂರದ ಶೋರೂಂನಲ್ಲಿ. ಸೀಸನ್ನಲ್ಲಿ ಅಲ್ಲಿ ಗಾಡಿ ಬಿಟ್ಟರೆ ಇವತ್ತು ಕೊಡ್ತಾರೋ ನಾಳೆ ಕೊಡ್ತಾರೋ ಗೊತ್ತಿಲ್ಲ. ಬಿಲ್ ದೊಡ್ಡದೇನಲ್ಲ. ಆದರೆ ಆ ದಿನ ಇಬ್ಬರು ಹುಡುಗರಿಗೆ ಕೂಲಿ ಕೊಡಲೇಬೇಕು, ಒಪ್ಪಿಕೊಂಡ ತೋಟ ಕೈತಪ್ಪುತ್ತೆ. ಈ ನಷ್ಟ ಯಾವ ಶೋರೂಂ ಬಿಲ್ಲಿನಲ್ಲೂ ಇರಲ್ಲ. ಕಸುಬುದಾರನಿಗೆ ಗಾಡಿಯ ನಿಜವಾದ ಖರ್ಚು ಇದೇ.

ಕೆಲವರು ಡಿಪಿಎಫ್ ತೆಗೆಸಿ ಖಾಲಿ ಪೈಪ್ ಹಾಕಿಸ್ತಾರೆ. ಅದು ಕಾನೂನಿಗೆ ವಿರುದ್ಧ, ನಮ್ಮ ಮಕ್ಕಳು ಉಸಿರಾಡುವ ಗಾಳಿಗೂ ಕೆಟ್ಟದ್ದು. ನಾನು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಹೊಗೆ ಕಮ್ಮಿ ಆಗಲೇಬೇಕು. ಆದರೆ ತಾಲ್ಲೂಕು ಮಟ್ಟದಲ್ಲಿ ಸ್ಕ್ಯಾನರ್ ಇರುವ ಒಂದು ಅಧಿಕೃತ ಸರ್ವಿಸ್ ಜಾಗ ಕೊಡದೆ, ತಾಲ್ಲೂಕಿನಲ್ಲಿ ಗಾಡಿ ಮಾತ್ರ ಮಾರುವುದು ಯಾವ ನ್ಯಾಯ? ಮಾರುವಾಗ ‘ದಿನಕ್ಕೆ ಎಷ್ಟು ಓಡಿಸ್ತೀರಿ’ ಅಂತ ಒಂದು ಮಾತು ಕೇಳಬಹುದಿತ್ತು ಅಲ್ವಾ? ಯಾರೂ ಕೇಳಲಿಲ್ಲ. ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸುವವರು, ಹೊರೆ ಕಮ್ಮಿ ಇರುವವರು, ಪೆಟ್ರೋಲ್ ಗಾಡಿ ನೋಡುವುದೇ ವಾಸಿ ಅಂತ ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಲೀಟರಿಗೆ ಸ್ವಲ್ಪ ಕಮ್ಮಿ ಕೊಡುತ್ತೆ, ಆದರೆ ಈ ಫಿಲ್ಟರ್ ತಾಪತ್ರಯ ಇಲ್ಲ.

ಕಮ್ಮಿ ಓಡುವ ಗಾಡಿಗೆ ಮೆಂಟೇನೆನ್ಸ್ ಕಮ್ಮಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಎಂಜಿನ್ ಆಯಿಲ್ ಕಿಲೋಮೀಟರ್ ನೋಡಿ ಬದಲಾಯಿಸುತ್ತಾ ಕೂತರೆ ಕೆಡುತ್ತೆ, ನಾವು ತಿಂಗಳು ನೋಡಿ ಬದಲಾಯಿಸುತ್ತೇವೆ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಮ್ಮಿ ಬಿಡುವ ಆಯಿಲ್ಲೇ ಬೇಕು. ಪುಸ್ತಕದಲ್ಲಿ ಬರೆದ ಗ್ರೇಡ್ ಬಿಟ್ಟು ಅಗ್ಗದ್ದು ಹಾಕಿದರೆ ಫಿಲ್ಟರ್‌ನಲ್ಲಿ ಬೂದಿ ಕೂರುತ್ತೆ, ಅದನ್ನು ಸುಡೋಕೂ ಆಗಲ್ಲ. ಸಣ್ಣ ಸಣ್ಣ ಓಡಾಟದಲ್ಲಿ ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದಿಲ್ಲ. ಡೀಸೆಲ್ ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡಬೇಕು. ಕ್ಯಾನಿನಲ್ಲಿ ತಂದ ಡೀಸೆಲ್ ಹಾಕುವವರು ಇದನ್ನಂತೂ ಮರೆಯಬಾರದು, ಹೊಸ ಇಂಜೆಕ್ಟರ್‌ಗಳು ನೀರು ತಡೆಯಲ್ಲ. ತೋಟದಲ್ಲಿ ನಿಂತ ಗಾಡಿಗೆ ಇಲಿ ನುಗ್ಗಿ ವೈರ್ ಕಡಿಯುತ್ತೆ. ಹಳೆ ಏಸ್‌ನಲ್ಲಿ ಕಡಿದರೆ ಹಾರ್ನೋ ಲೈಟೋ ಹೋಗುತ್ತಿತ್ತು. ಹೊಸದರಲ್ಲಿ ಸೆನ್ಸರ್ ವೈರ್ ಕಡಿದರೆ ಗಾಡಿಯೇ ನಿಲ್ಲುತ್ತೆ.

ಈಗ ಇನ್ಶೂರೆನ್ಸ್. ಇದನ್ನು ಕಸುಬುದಾರರು ಎರಡು ಸಲ ಓದಲಿ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಮಾಡಿಸುವ ಇನ್ಶೂರೆನ್ಸೇ ಥರ್ಡ್ ಪಾರ್ಟಿ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಅದರ ದರದ ಪ್ರಕಾರ, ಬಾಡಿಗೆಗೆ ಓಡುವ ಗೂಡ್ಸ್ ಗಾಡಿಗೆ ಒಟ್ಟು ತೂಕ 7,500 ಕೆಜಿವರೆಗೆ ವರ್ಷಕ್ಕೆ 16,049 ರೂಪಾಯಿ, ಮೇಲೆ ಜಿಎಸ್‌ಟಿ. ಅಂದರೆ ಲೋಡ್ ಸೇರಿ ಒಂದೂವರೆ ಟನ್ ತೂಗುವ ಏಸ್‌ಗೂ ಅಷ್ಟೇ, ಏಳು ಟನ್ ತೂಗುವ ಲಾರಿಗೂ ಅಷ್ಟೇ. ಅದೇ 1,000ದಿಂದ 1,500 ಸಿಸಿ ಸ್ವಂತ ಕಾರಿಗೆ 3,416 ರೂಪಾಯಿ. ತಿಂಗಳಿಗೊಮ್ಮೆ ಊರಾಚೆ ಹೋಗುವ ಗಾಡಿಗೂ, ದಿನಾ ರಾತ್ರಿ ಹೈವೇಯಲ್ಲಿ ಓಡುವ ಲಾರಿಗೂ ಅಪಘಾತದ ಸಾಧ್ಯತೆ ಒಂದೇನಾ? ಒಂದೂವರೆ ಎರಡು ಟನ್ ಒಳಗಿನ ಗಾಡಿಗೆ ಒಂದು ಬೇರೆ ಸ್ಲ್ಯಾಬ್ ಮಾಡಿ ಅನ್ನುವುದು ನನ್ನ ಕೇಳಿಕೆ. ಈ ದರ ನಿಗದಿ ಮಾಡುವುದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ, ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಐಆರ್‌ಡಿಎಐ ಜೊತೆ ಮಾತಾಡಿಕೊಂಡು. ನಮ್ಮ ಸಂಸದರು ಯಾವ ಪಕ್ಷದವರೇ ಆಗಲಿ, ಒಮ್ಮೆ ಇದನ್ನು ಎತ್ತಲಿ.

ಇನ್ನೊಂದು ವಿಷಯ ಏಜೆಂಟರು ಹೇಳುವುದೇ ಇಲ್ಲ. ಆ ದರಪಟ್ಟಿಯಲ್ಲಿ ಗೂಡ್ಸ್ ಗಾಡಿಗೆ ಎರಡು ಬಗೆ ಇವೆ. ಬಾಡಿಗೆಗೆ ಓಡುವ ಪಬ್ಲಿಕ್ ಕ್ಯಾರಿಯರ್ ಒಂದು. ಸ್ವಂತ ಸಾಮಾನು, ಸ್ವಂತ ಹತಾರ ಮಾತ್ರ ಸಾಗಿಸುವ ಪ್ರೈವೇಟ್ ಕ್ಯಾರಿಯರ್ ಇನ್ನೊಂದು. ಎರಡನೆಯದರ ಥರ್ಡ್ ಪಾರ್ಟಿ ದರ ಮೊದಲನೆಯದರ ಹೆಚ್ಚುಕಮ್ಮಿ ಅರ್ಧ. ಒಟ್ಟು ತೂಕ 3,000 ಕೆಜಿ ದಾಟದ ಗೂಡ್ಸ್ ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಪರ್ಮಿಟ್ಟೂ ಬೇಕಿಲ್ಲ. ನಮಗೆ ಎಷ್ಟೋ ವರ್ಷ ಸುಮ್ನೆ ಪಬ್ಲಿಕ್ ಅಂತಲೇ ಪಾಲಿಸಿ ಬರೆದುಕೊಟ್ಟರು. ಒಂದು ಎಚ್ಚರ: ಪ್ರೈವೇಟ್ ಅಂತ ಮಾಡಿಸಿದ ಮೇಲೆ ಪಕ್ಕದವರ ಹುಲ್ಲೋ ಸಿಮೆಂಟೋ ದುಡ್ಡಿಗೆ ಹೊರಬಾರದು. ಅವತ್ತೇ ಏನಾದರೂ ಆದರೆ ಕ್ಲೇಮ್‌ಗೆ ತಕರಾರು ಬರುತ್ತೆ, ನಷ್ಟ ಪೂರ್ತಿ ನಮ್ಮ ತಲೆ ಮೇಲೆ.

ಲೈಸೆನ್ಸ್ ವಿಷಯದಲ್ಲಿ ಒಂದು ಸಮಾಧಾನ ಇದೆ. ನನ್ನ ತಮ್ಮನ ಹತ್ತಿರ ಕಾರು ಓಡಿಸುವ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದೆ. ಅದರಲ್ಲಿ 7,500 ಕೆಜಿ ಒಳಗಿನ ಗೂಡ್ಸ್ ಗಾಡಿಯನ್ನೂ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಖಚಿತ ಮಾಡಿತು. ಅದಕ್ಕೆ ಮುಂಚೆ ಲೈಸೆನ್ಸ್ ಸರಿ ಇಲ್ಲ ಅಂತ ಕ್ಲೇಮ್ ನಿಲ್ಲಿಸುತ್ತಾರೇನೋ ಅನ್ನುವ ಭಯ ಇದ್ದೇ ಇತ್ತು.

ಎಫ್‌ಸಿ, ಅಂದರೆ ಗಾಡಿ ಪರೀಕ್ಷಿಸಿ ಕೊಡುವ ಫಿಟ್‌ನೆಸ್ ಸರ್ಟಿಫಿಕೇಟ್, ಇನ್ನೊಂದು ಗೋಳು. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 15 ವರ್ಷ ದಾಟಿದ ಲಘು ಗಾಡಿಗೆ 7,500 ರೂಪಾಯಿ ಶುಲ್ಕ ಅಂತ ಕೇಂದ್ರ 2021ರ ಅಕ್ಟೋಬರ್‌ನಲ್ಲೇ ನಿಯಮ ಹೊರಡಿಸಿತು. ಪರೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಬ್ರೇಕ್ ನೋಡಲಿ, ಹೊಗೆ ನೋಡಲಿ, ಸ್ಟೀರಿಂಗ್ ಆಟ ನೋಡಲಿ. ಆದರೆ ಕಮ್ಮಿ ಓಡಿದ, ಚೆನ್ನಾಗಿ ಇಟ್ಟುಕೊಂಡ ಗಾಡಿಗೆ ವಯಸ್ಸು ನೋಡಿ ದಂಡ ಹಾಕಿದ ಹಾಗೆ ದರ ಹಾಕಬೇಡಿ. ಎಫ್‌ಸಿ ದಿನಗಳನ್ನು ನಮ್ಮ ಕಡೆ ಜೂನ್ ಮೇಲೆ ಕೊಡುವ ಹಾಗಾದರೆ ಇನ್ನೂ ಉಪಕಾರ. ಏಪ್ರಿಲ್‌ನಲ್ಲಿ ಎಫ್‌ಸಿಗೆ ನಿಂತರೆ ಆ ವಾರ ತೋಟದವರ ಗತಿ ಏನು?

ಡೀಸೆಲ್ ಬಗ್ಗೆ ಜಾಸ್ತಿ ಹೇಳಲ್ಲ. ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಸುಮಾರು ಮೂರು ರೂಪಾಯಿ, 2025ರ ಏಪ್ರಿಲ್‌ನಲ್ಲಿ ಮತ್ತೆ ಎರಡು ರೂಪಾಯಿ ಏರಿಸಿತು. ನಮಗೂ ತಟ್ಟಿದೆ. ಆದರೆ ನಮ್ಮ ಲೆಕ್ಕದಲ್ಲಿ ಎಣ್ಣೆ ಖರ್ಚು ಮೊದಲನೆಯದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗೂಡ್ಸ್ ಗಾಡಿ, ಟೈರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ಒಳ್ಳೆಯದಾಯಿತು. ಹೊಸದು ತಗೊಳ್ಳುವವರಿಗೆ ನಿಜಕ್ಕೂ ಅನುಕೂಲ.

ಎಲೆಕ್ಟ್ರಿಕ್ ಗಾಡಿ ಬಗ್ಗೆ ಕೇಳುವವರೂ ಇದ್ದಾರೆ. ಓಡಾಟ ಕಮ್ಮಿ ಇರುವ, ರಾತ್ರಿ ಅಂಗಡಿ ಮುಂದೆ ನಿಲ್ಲುವ ನಮ್ಮಂಥವರಿಗೇ ಅದು ಹೇಳಿ ಮಾಡಿಸಿದ್ದು. ಫಿಲ್ಟರ್ ಇಲ್ಲ, ಆಯಿಲ್ ಇಲ್ಲ, ಕ್ಲಚ್ ಇಲ್ಲ. ಮೋಟರ್ ಅಂತೂ ನಮಗೆ ಹೊಸದಲ್ಲ. ಬೆಲೆ ಇಳಿದು, ರಿಪೇರಿ ಮಾಡುವವರು ಶಿರಾದಲ್ಲೇ ಸಿಗುವ ದಿನ ಬಂದರೆ ನಾನೇ ಮೊದಲು ತಗೊಳ್ಳುತ್ತೇನೆ.

ಕೊನೆಗೆ ನಿಮ್ಮ ಓದುಗರಲ್ಲಿ ಇರುವ ಕಸುಬುದಾರರಿಗೆ ಒಂದು ವಿನಂತಿ. ಮುಂದಿನ ರಿನ್ಯೂವಲ್‌ಗೆ ಮುಂಚೆ ನಿಮ್ಮ ಪಾಲಿಸಿ ತೆಗೆದು ಅದರಲ್ಲಿ ಪಬ್ಲಿಕ್ ಅಂತ ಇದೆಯೋ ಪ್ರೈವೇಟ್ ಅಂತ ಇದೆಯೋ ನೋಡಿ. ಆರ್‌ಸಿಯಲ್ಲಿ ಗಾಡಿಯ ವರ್ಗ ಏನು ಬರೆದಿದೆ ಅಂತಲೂ ನೋಡಿ, ಎರಡೂ ತಾಳೆ ಆಗಬೇಕು. ಬದಲಾಯಿಸಲು ಹೋದವರಿಗೆ ಆರ್‌ಟಿಒ ಕಚೇರಿಯಲ್ಲಿ, ಇನ್ಶೂರೆನ್ಸ್ ಕಚೇರಿಯಲ್ಲಿ ಏನು ಹೇಳಿದರು, ಎಷ್ಟು ದಿನ ಹಿಡಿಯಿತು ಅನ್ನುವುದನ್ನು ಈ ಅಂಕಣಕ್ಕೆ ಬರೆದು ತಿಳಿಸಿ.

ಇಂತಿ,
ಬೋರ್ ಮೋಟರ್ ರಿಪೇರಿ ಅಂಗಡಿಯವನು
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ